ಉಂಗುರದ ಬೆರಳಿಗೆ ಐವತ್ತೈದು ಮೈಲಿ

ಸ್ಟರ್ಲಿಂಗ್‌ನ ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿ, ಹೈವೇಗೆ ಹತ್ತುವ ರ‍್ಯಾಂಪಿನ ಬುಡದಲ್ಲಿ ಒಂದು ಸಿಗ್ನಲ್ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಎರಡೂ ಕಡೆ ಕಿಟಕಿಗಳಿಲ್ಲದ ಡೇಟಾ ಸೆಂಟರ್ ಕಟ್ಟಡಗಳು ಮಂಜಿನಲ್ಲಿ ಅರ್ಧ ಕರಗಿ ನಿಂತಿರುತ್ತವೆ. ಪಕ್ಕದ ಡಲ್ಲಸ್ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ಅವುಗಳ ಮೇಲೆ ಬಂದು, ಇಳಿಯಲೋ ಬೇಡವೋ ಎಂದು ಯೋಚಿಸುತ್ತಾ ಅಲ್ಲೇ ನಿಂತಂತೆ ಕಾಣುತ್ತದೆ. ಇಪ್ಪತ್ತೊಂದನೇ ಇಸವಿಯಲ್ಲಿ ಎಲೆ ಉದುರುವ ಕಾಲದಿಂದ ಮುಂದಿನ ಬೇಸಿಗೆಯವರೆಗೆ ನನ್ನ ಎಷ್ಟೋ ಭಾನುವಾರಗಳು ಆ ಕೆಂಪು ದೀಪದ ಮುಂದೆ, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುವುದರಲ್ಲಿ ಕಳೆದವು. ದೀಪ ಹಸಿರಾದ ಕೂಡಲೇ ನಾನು ಆದಿತಾಳ ಹಾಕಲು ಶುರು ಮಾಡಬೇಕಿತ್ತು.

ನಾನು ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಕಾರುಗಳ ಬಗ್ಗೆ ನನಗಿದ್ದ ಜ್ಞಾನ ಕೀ ಎಲ್ಲಿ ಇಟ್ಟೆ ಎಂಬಷ್ಟಕ್ಕೇ ಮುಗಿಯುತ್ತಿತ್ತು. ಇದಕ್ಕೆ ಹೇಗೆ ಸಿಕ್ಕಿಕೊಂಡೆ ಎನ್ನುವುದನ್ನು ಹೇಳಬೇಕಾದರೆ ನನ್ನ ಗಂಡನ ಕಾಯಿಲೆಯಿಂದ ಆರಂಭಿಸಬೇಕು.

ಆ ವರ್ಷದ ಜನವರಿಯಲ್ಲಿ ಅವರಿಗೆ ಕೋವಿಡ್ ಬಂತು. ಡೇಟಾ ಸೆಂಟರಿನ ಕೆಲಸ ಮನೆಯಿಂದ ಮಾಡುವಂಥದಲ್ಲ, ದಿನಾ ಹೋಗಿ ಬರುತ್ತಿದ್ದರು, ಅಲ್ಲಿಂದಲೇ ತಂದರು. ಹದಿನಾರು ದಿನ ಮಹಡಿಯ ಕೋಣೆಯಲ್ಲಿ ಒಬ್ಬರೇ ಇದ್ದರು. ಆಮೇಲೆ ಗುಣವಾಯಿತು ಎಂದರು ಡಾಕ್ಟರು. ಆದರೆ ಇವರು ಮಾತ್ರ ಗುಣವಾದೆ ಎಂದು ನಂಬಲಿಲ್ಲ. ಸಾಸಿವೆ ಡಬ್ಬಿ ಕೈಯಲ್ಲಿ ಹಿಡಿದು ಯಾಕೆ ಹಿಡಿದೆ ಎಂದು ಮರೆಯುವುದು, ಮಾತಿನ ನಡುವೆ ಒಂದು ಪದಕ್ಕೆ ತಡಕಾಡುವುದು, ಇದೆಲ್ಲ ನನಗೂ ಆಗುತ್ತದೆ. ನಾನು ಅದನ್ನು ವಯಸ್ಸು ಎನ್ನುತ್ತೇನೆ, ಅವರು ಅದನ್ನು ಸೋಲು ಎನ್ನುತ್ತಿದ್ದರು. ಜುಲೈನಲ್ಲಿ, ಇಪ್ಪತ್ತು ವರ್ಷ ವ್ಯಾನ್ ಬಿಟ್ಟು ಬೇರೆ ಓಡಿಸದಿದ್ದ ಮನುಷ್ಯ, ಯಾರೋ ಎರಡು ವರ್ಷ ಓಡಿಸಿದ್ದ ಕೆಂಪು ಮಸ್ಟಾಂಗ್ ಸ್ಪೋರ್ಟ್ಸ್ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ನಾನು ಬೈಯಲು ಬಾಗಿಲಿಗೆ ಬಂದೆ. ಅವರ ಮುಖ ನೋಡಿದೆ. ಆರತಿ ತಟ್ಟೆ ತರಲು ಒಳಗೆ ಹೋದೆ.

ಆ ಕಾರು ಚುರುಕಾಗಿ ಓಡಿದರೆ ತಾನೂ ಪೂರ್ತಿ ವಾಪಸು ಬಂದ ಹಾಗೆ ಎಂದು ಅವರು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡಿದ್ದರು. ಬಾಯಿ ಬಿಟ್ಟು ಹೇಳಿರಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ಹೇಳುವ ಅಗತ್ಯವೂ ಇರುವುದಿಲ್ಲ.

ಇವರಿಗೊಬ್ಬ ಗೆಳೆಯ, ಗೈದರ್ಸ್‌ಬರ್ಗ್‌ನಲ್ಲಿ ಯಾವುದೋ ಲ್ಯಾಬಿನಲ್ಲಿ ಕೆಲಸ. ಮಂಗಳೂರು ಕಡೆಯ ಕ್ರಿಶ್ಚಿಯನ್, ದೊಡ್ಡ ದೇಹ, ದೊಡ್ಡ ದನಿ, ಒಳ್ಳೆಯ ಮನಸ್ಸು. ಅವರ ಹತ್ತಿರ ಅಂಥದೇ ಓಟದ ಕಾರು, ಕಪ್ಪು ಚಾಲೆಂಜರ್ ಇತ್ತು. ಮಸ್ಟಾಂಗ್ ಬಂದ ವಾರವೇ ಯಾರ ಕಾರು ಚುರುಕು ಎಂಬ ಜಗಳ ಶುರುವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ ಇಬ್ಬರಿಗೂ ತಂತಮ್ಮದೇ ಮುದ್ದು. ಕಾರಿನ ಪತ್ರಿಕೆಗಳಲ್ಲಿ ಬರುವ ಸೆಕೆಂಡಿನ ಲೆಕ್ಕಗಳನ್ನು ಇಬ್ಬರೂ ಬಾಯಿಪಾಠ ಮಾಡಿದ್ದರು, ಇಬ್ಬರೂ ನಂಬುತ್ತಿರಲಿಲ್ಲ. ಗೆಳೆಯರ ವಾದ ಏನೆಂದರೆ, ಪತ್ರಿಕೆಯವರು ಪಳಗಿದ ಡ್ರೈವರನ್ನು ಕೂರಿಸಿ, ಖಾಲಿ ಕಾರನ್ನು ಒಣ ರಸ್ತೆಯಲ್ಲಿ ಓಡಿಸುತ್ತಾರೆ. ನಾವು ಸಂಸಾರಸ್ಥರು, ಪಕ್ಕದಲ್ಲಿ ಹೆಂಡತಿ, ಡಿಕ್ಕಿಯಲ್ಲಿ ಇಪ್ಪತ್ತು ಪೌಂಡಿನ ಸೋನಾಮಸೂರಿ ಮೂಟೆ, ಎಸಿ ಆನ್. ಅದರಲ್ಲಿ ಎಷ್ಟು ಹೊತ್ತಿಗೆ ಹೈವೇ ವೇಗ ಮುಟ್ಟುತ್ತೀವಿ ಅನ್ನುವುದೇ ನಿಜವಾದ ಲೆಕ್ಕ. ಹಾಗಾಗಿ ಪರೀಕ್ಷೆಯ ನಿಯಮಗಳಲ್ಲಿ ಅಕ್ಕಿಮೂಟೆ ಸೇರಿತು, ಹೆಂಡತಿಯ ಜಾಗದಲ್ಲಿ ನಾನು ಸೇರಿದೆ. ಅವರ ಹೆಂಡತಿ ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೋಗುವ ಜಾಣೆ.

ಕಾಲ ಅಳೆಯುವ ವಿಷಯಕ್ಕೆ ಇನ್ನೊಂದು ತಕರಾರು. ಫೋನಿನ ಸ್ಟಾಪ್‌ವಾಚ್ ಆದರೆ ಬೆರಳು ಒತ್ತುವುದು ತಡವಾಗುತ್ತದೆ ಎಂದು ಇವರು, ಆ್ಯಪ್ ಆದರೆ ಸ್ಯಾಟಲೈಟು ತಡ ಎಂದು ಅವರು. ಆಗ ನನ್ನ ಗಂಡ, ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದ ನನ್ನ ಕಡೆ ಕೈ ತೋರಿಸಿ, ನಮ್ಮ ಮನೆಯಲ್ಲಿ ತಪ್ಪದ ಗಡಿಯಾರ ಒಂದೇ, ಅದು ಇವಳ ತಾಳ ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಬೆಂಡೆಕಾಯಿ ಬಿಟ್ಟು ಬಂದೆ. ಗೆಳೆಯರು ಗೋಡೆ ಗಡಿಯಾರದ ಎದುರು ನನ್ನನ್ನು ಕೂರಿಸಿ ಪರೀಕ್ಷೆ ಮಾಡಿದರು. ಸೆಕೆಂಡಿಗೆ ಎರಡು ಅಕ್ಷರದ ಹಾಗೆ ಕಣ್ಣು ಮುಚ್ಚಿ ಹತ್ತು ಆವರ್ತ ಹಾಕಿದೆ. ಕಣ್ಣು ತೆರೆದಾಗ ಮುಳ್ಳು ಇರಬೇಕಾದ ಕಡೆಯೇ ಇತ್ತು. ಲ್ಯಾಬಿನ ಮನುಷ್ಯ ಒಪ್ಪಿದರು. ನನ್ನ ಲಯದ ಬಗ್ಗೆ ನನಗೆ ಮೊದಲೇ ಜಂಭ ಇತ್ತು, ಅವತ್ತಿನಿಂದ ತಲೆಗೇ ಏರಿತು.

ಸಂಗೀತ ಗೊತ್ತಿಲ್ಲದವರಿಗೆ ಹೇಳುವುದಾದರೆ ಆದಿತಾಳ ಎಂದರೆ ಎಂಟು ಎಣಿಕೆ, ಒಂದೊಂದು ಎಣಿಕೆಯೂ ಒಂದು ಅಕ್ಷರ, ಎಂಟೂ ಮುಗಿದರೆ ಒಂದು ಆವರ್ತ. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಮತ್ತೆ ತಟ್ಟಿ ಅಂಗೈ ಮಗುಚುವುದು, ಇನ್ನೊಮ್ಮೆ ತಟ್ಟಿ ಮಗುಚುವುದು. ಹಸಿರು ದೀಪಕ್ಕೆ ನಾನು ಶುರು ಮಾಡುತ್ತೇನೆ. ವೇಗ ಗಂಟೆಗೆ ಐವತ್ತೈದು ಮೈಲಿ ಮುಟ್ಟಿದ ಕೂಡಲೇ ಓಡಿಸುವವರು "ಆಯ್ತು" ಎನ್ನಬೇಕು, ಕಾಲು ಎತ್ತಬೇಕು. ಅಲ್ಲಿನ ಮಿತಿಯೇ ಅಷ್ಟು, ಅದರಾಚೆ ಹೋದರೆ ನಾನು ಇಳಿದು ನಡೆದುಕೊಂಡು ಹೋಗುತ್ತೇನೆ ಎಂದು ಮೊದಲೇ ಹೇಳಿದ್ದೆ. "ಆಯ್ತು" ಎಂದಾಗ ಯಾವ ಬೆರಳಿನಲ್ಲಿದ್ದೇನೆ ಎನ್ನುವುದೇ ಫಲಿತಾಂಶ.

ಚಾಲೆಂಜರ್ ಎರಡನೇ ಆವರ್ತದ ಉಂಗುರದ ಬೆರಳಿಗೆ ಮುಟ್ಟಿತು. ಮಸ್ಟಾಂಗ್ ಉಂಗುರದ ಬೆರಳು ದಾಟಿ, ನಡುಬೆರಳು ದಾಟಿ, ತಟ್ಟು ದಾಟಿ, ಅಂಗೈ ಮಗುಚಿದ ಮೇಲೆ ಮುಟ್ಟಿತು. ಮೂರು ಅಕ್ಷರ ಹಿಂದೆ. ಆ ಲೋಕದಲ್ಲಿ ಅದು ಒಂದು ಯುಗ.

ನಿಜ ಹೇಳಬೇಕೆಂದರೆ ನನಗೆ ಆ ಬೆಳಗುಗಳು ಇಷ್ಟವಾಗಿಬಿಟ್ಟಿದ್ದವು. ನಿಂತಲ್ಲೇ ಗುರುಗುಡುವ ಎಂಜಿನ್ನಿನಲ್ಲಿ ಮಂದ್ರದ ಪಂಚಮ ಒಂದು ಸಿಗುತ್ತಿತ್ತು, ಅದಕ್ಕೆ ಸೇರಿಸಿ ಒಳಗೊಳಗೇ ಗುನುಗುತ್ತಾ ಕೂರುತ್ತಿದ್ದೆ. ಹಸಿರು ಬಂದೊಡನೆ ಬೆನ್ನನ್ನು ಯಾರೋ ಮೆಲ್ಲಗೆ ಸೀಟಿಗೆ ಒತ್ತಿ ಹಿಡಿಯುತ್ತಿದ್ದರು, ಮಂಜು ಎರಡಾಗಿ ಬದಿಗೆ ಸರಿಯುತ್ತಿತ್ತು, ರ‍್ಯಾಂಪಿನ ತಿರುವಿನಾಚೆ ಹೈವೇ ಖಾಲಿಯಾಗಿ, ಬೆಳ್ಳಗೆ, ಯಾರೂ ಇನ್ನೂ ಮುಟ್ಟದ ಹಾಗೆ ಬಿದ್ದಿರುತ್ತಿತ್ತು. ಗೆಳೆಯರ ಕಾರಿನಲ್ಲಿ ಇದನ್ನೆಲ್ಲ ನೋಡುತ್ತಿದ್ದೆ. ಇವರ ಕಾರಿನಲ್ಲಿ ಏನು ನೋಡಿದೆ ಎಂದು ಕೇಳಿದರೆ ಒಂದೂ ನೆನಪಿಲ್ಲ. ಆಗ ಅದು ವಿಚಿತ್ರವೆಂದು ಹೊಳೆಯಲಿಲ್ಲ.

ಇವರು ಮೊದಲು ಟೈರಿನ ಮೇಲೆ ತಪ್ಪು ಹೊರಿಸಿದರು, ಆಮೇಲೆ ಪೆಟ್ರೋಲಿನ ಮೇಲೆ, ಆಮೇಲೆ ರ‍್ಯಾಂಪಿನ ಏರಿನ ಮೇಲೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಚುಡಾಯಿಸಿದೆ. ಅವರು ನಗಲಿಲ್ಲ. ಹೊಸ ಟೈರು ಬಂತು, ಏರ್ ಫಿಲ್ಟರ್ ಬದಲಾಯಿತು, ಪ್ರತಿ ಸಲವೂ ನನ್ನ ಅಂಗೈ ಮಗುಚಿದ ಮೇಲೆಯೇ "ಆಯ್ತು" ಬರುತ್ತಿತ್ತು.

ಮಾರ್ಚಿನಲ್ಲಿ ಗೆಳೆಯರು, ಲ್ಯಾಬಿನ ಬುದ್ಧಿ, ಒಂದು ಅದಲುಬದಲು ಪ್ರಯೋಗ ಮಾಡೋಣ ಎಂದರು. ಅವರು ನಮ್ಮ ಮಸ್ಟಾಂಗ್ ಓಡಿಸಿದರು. ಉಂಗುರದ ಬೆರಳು. ಇವರು ಅವರ ಚಾಲೆಂಜರ್ ಓಡಿಸಿದರು. ಅಂಗೈ ಮಗುಚಿತು. ಮೂರು ಮೂರು ಸಲ ಮಾಡಿದರು, ಅದೇ. ವಾಪಸು ಬಂದು ನಮ್ಮ ಡ್ರೈವ್‌ವೇಯಲ್ಲಿ ನಿಂತಾಗ ಗೆಳೆಯರು ಬೂಟಿನ ತುದಿ ನೋಡಿಕೊಂಡು ಹೇಳಿದರು:

"ಕಾರಿನದ್ದು ಎಂತದೂ ಇಲ್ಲ ಮಾರಾಯ್ರೆ. ಓಡಿಸುವುದರಲ್ಲಿ ಎಂತದೋ ಉಂಟು."

ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ಆದರೆ ನನ್ನ ಗಂಡ ಅದನ್ನು ಇಡಿಯಾಗಿ ನುಂಗಿಕೊಂಡರು. ಕಾಯಿಲೆ ನನ್ನ ಕಾಲಿಗೂ ತಲೆಗೂ ನಡುವಿನ ದಾರಿಯನ್ನು ಉದ್ದ ಮಾಡಿಬಿಟ್ಟಿದೆ ಎನ್ನತೊಡಗಿದರು. ಕೆಲಸದಲ್ಲಿ ಶಿಫ್ಟ್ ಲೀಡ್ ಜವಾಬ್ದಾರಿಯನ್ನು ತಾವಾಗಿಯೇ ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಎಲ್ಲಿಗೆ ಹೊರಟರೂ ಕೀಯನ್ನು ನನ್ನ ಕೈಗೆ ಕೊಡುತ್ತಿದ್ದರು. ಸಾರಿಗೆ ಉಪ್ಪು ಸರಿಯಿದೆಯಾ ಎಂದು ಕೇಳಿದರೆ ತಡವಾಗಿ ಉತ್ತರ ಕೊಟ್ಟು, ನೋಡು, ಇದೂ ತಡ ಎನ್ನುತ್ತಿದ್ದರು. ನನಗೆ ಕೋಪ ಬರುತ್ತಿತ್ತು. ಕೋಪದ ಅಡಿಯಲ್ಲಿ ಭಯ ಇತ್ತು, ಅದನ್ನು ನೋಡಲು ಹೋಗಲಿಲ್ಲ.

ಆಗಸ್ಟಿನಲ್ಲಿ ಮಗಳನ್ನು ನಾರ್ತ್ ಕ್ಯಾರೊಲೈನಾದ ಯೂನಿವರ್ಸಿಟಿಗೆ ಬಿಟ್ಟು ಬರಬೇಕಿತ್ತು. ಅವಳ ಪೆಟ್ಟಿಗೆಗಳು ಮಸ್ಟಾಂಗಿನ ಡಿಕ್ಕಿಯಲ್ಲಿ ಹಿಡಿಸುವುದಿಲ್ಲವೆಂದು ಗೆಳೆಯರೂ ಚಾಲೆಂಜರ್ ತೆಗೆದುಕೊಂಡು ಬಂದರು. ವ್ಯಾನ್ ಇದೆಯಲ್ಲ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ದಾರಿಯಲ್ಲಿ ಒಂದು ಊರಿನ ಹೊರಗೆ, ಪೈನ್ ಮರಗಳ ನಡುವೆ ಕಾರಿನ ಓಟದ ಪಟ್ಟಿ ಇದೆ, ಶನಿವಾರ ಮಧ್ಯಾಹ್ನ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದು, ಯಂತ್ರವೇ ಕಾಲ ಅಳೆದು ಚೀಟಿ ಕೊಡುತ್ತದೆ ಎಂದು ಗೆಳೆಯರು ಮೊದಲೇ ಹುಡುಕಿಟ್ಟಿದ್ದರು. ಇವರು ಬೇಡ ಎಂದರು. ಗೆಳೆಯರು ಬಿಡಲಿಲ್ಲ. ತನ್ನ ಮಾತು ಎಲ್ಲಿ ನಾಟಿದೆ ಎಂದು ಅವರಿಗೆ ಗೊತ್ತಾಗಿತ್ತು ಅಂತ ಈಗ ಅನ್ನಿಸುತ್ತದೆ.

ಅಲ್ಲಿನ ಬಿಸಿಲಿನಲ್ಲಿ ಎಲ್ಲವೂ ಸ್ವಲ್ಪ ನಡುಗುತ್ತಿತ್ತು. ದೂರದ ಮರಗಳು ನೀರಿನಲ್ಲಿ ನಿಂತಂತೆ ಕಾಣುತ್ತಿದ್ದವು, ಸುಟ್ಟ ರಬ್ಬರಿನ ಹೊಗೆ ಎದ್ದು ಯಾವ ಕಡೆಗೂ ಹೋಗದೆ ನಮ್ಮ ಮೇಲೆಯೇ ಕೂರುತ್ತಿತ್ತು. ಯಾರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಹಾಗಿಲ್ಲ ಅಂದರು. ನಾನೂ ಮಗಳೂ ಬೇಲಿಯ ಈಚೆ ಮೆಟ್ಟಿಲ ಮೇಲೆ ಕೂತೆವು. ಕೈ ಸುಮ್ಮನಿರುತ್ತದೆಯೇ, ತಾನಾಗಿಯೇ ತೊಡೆಯ ಮೇಲೆ ಹೋಯಿತು. ಗೆಳೆಯರು ಓಡಿದರು, ಎಣಿಸಿದೆ. ಇವರು ಓಡಿದರು, ಎಣಿಸಿದೆ. ಇವರದು ಪೂರ್ತಿ ಒಂದು ಆವರ್ತ ಹೆಚ್ಚು ಬಂತು.

ಮಗಳು ಟ್ರ್ಯಾಕ್ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಆರು ವರ್ಷ ನನ್ನ ಹತ್ತಿರ ಪಾಠ ಹೇಳಿಸಿಕೊಂಡು, ತಾಳ ಓಡಿಸುತ್ತೀ, ಬೇಗ ಬೇಗ ಹಾಕುತ್ತೀ ಎಂದು ದಿನಾ ಬೈಸಿಕೊಂಡು, ಹನ್ನೆರಡನೇ ವಯಸ್ಸಿಗೆ ಸಂಗೀತ ಬಿಟ್ಟವಳು.

"ಅಮ್ಮ, ನೀನು ರಶ್ ಮಾಡ್ತಾ ಇದ್ದೀಯ. ಅಂಕಲ್‌ಗೆ ಅಲ್ಲ. ಓನ್ಲಿ ಅಪ್ಪಂಗೆ," ಎಂದಳು.

ಚೀಟಿಗಳು ಬಂದವು. ಎರಡೂ ಕಾರುಗಳ ಕಾಲ ಹೆಚ್ಚುಕಡಿಮೆ ಒಂದೇ. ಕೂದಲೆಳೆಯಷ್ಟು ಇವರದೇ ಮುಂದಿತ್ತು. ಹಸಿರು ದೀಪ ನೋಡಿ ಕಾಲು ಒತ್ತಲು ಎಷ್ಟು ಹೊತ್ತು ತೆಗೆದುಕೊಂಡರು ಎನ್ನುವುದನ್ನೂ ಆ ಚೀಟಿ ಹೇಳುತ್ತದೆ, ಅದರಲ್ಲೂ ಇವರೇ ಚುರುಕು. ಗೆಳೆಯರು ಸೋತ ಖುಷಿಯಲ್ಲಿ ಇವರ ಬೆನ್ನಿಗೆ ಗುದ್ದಿದರು. ನನ್ನ ಗಂಡ ಚೀಟಿಯನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ನೀನು ಎಣಿಸಿದೆಯಾ, ಎಷ್ಟು ಬಂತು ಎಂದು ನನ್ನನ್ನು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೇಳಿದೆ.

"ಹಾಗಾದ್ರೆ ಇವರ ಮಷೀನೇ ತಪ್ಪು," ಎಂದರು. "ನಿನ್ನ ತಾಳ ತಪ್ಪಲ್ಲ."

ಇಷ್ಟು ದಿನ ನಾನು ಆಸೆಪಟ್ಟ ಪ್ರಶಸ್ತಿ ಅದೇ ಇರಬೇಕು, ಆದರೆ ಅದು ಸಿಕ್ಕಿದ ಗಳಿಗೆಯಲ್ಲಿ ನೆಲ ಬಿರಿದು ಒಳಗೆ ಹೋದರೆ ಸಾಕು ಎನ್ನಿಸಿತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಹುಡುಕುವವಳು ನಾನು. ಆ ರಾತ್ರಿ ಮಗಳ ಹಾಸ್ಟೆಲ್ಲಿನ ಮಂಚಕ್ಕೆ ಹಾಸಿಗೆ ಹಾಸುತ್ತಾ, ಅವಳ ಚಪ್ಪಲಿಗಳನ್ನು ಜೋಡಿಸುತ್ತಾ, ಯಾವತ್ತಿನಿಂದ ಹೀಗೆ ಎಂದು ಹುಡುಕಿದೆ. ಹುಡುಕುವುದಕ್ಕೆ ಬಹಳ ದೂರ ಹೋಗಬೇಕಾಗಲಿಲ್ಲ.

ಮರುದಿನ ಮಗಳನ್ನು ಬಿಟ್ಟು ಹೊರಟೆವು. ಗೆಳೆಯರು ಮುಂಜಾನೆಯೇ ಹೋಗಿದ್ದರು. ಮಸ್ಟಾಂಗಿನ ಹಿಂದಿನ ಸೀಟು ಖಾಲಿ. ಒಂದು ಗಂಟೆಯ ದಾರಿ ಸಾಗಿದ ಮೇಲೆ, ಹೈವೇಯಿಂದ ಇಳಿದು ಪೆಟ್ರೋಲ್ ಹಾಕಿಸಿದಾಗ, ಇವರು ಸುತ್ತು ಬಂದು ನನ್ನ ಬಾಗಿಲು ತೆರೆದು ಕೀ ಚಾಚಿದರು. ಇನ್ನು ನೀನೇ ಓಡಿಸು, ಮಗಳೂ ಹೋದಳು, ಮನೆ ಮುಟ್ಟಿದ ಮೇಲೆ ಇದನ್ನು ಯಾರಿಗಾದರೂ ಮಾರಿಬಿಡೋಣ, ನನ್ನಂಥವನಿಗೆ ಇದು ಶೋಭೆಯಲ್ಲ ಎಂದರು. ಸಿಟ್ಟಿಲ್ಲದೆ, ಬೇಜಾರೂ ಇಲ್ಲದೆ, ಸಾಮಾನು ಪಟ್ಟಿ ಓದುವವರ ಹಾಗೆ ಹೇಳಿದರು. ನಾನು ಕೀ ತೆಗೆದುಕೊಳ್ಳಲಿಲ್ಲ. ಕೂತುಕೊಳ್ಳಿ, ಒಂದು ಮಾತು ಹೇಳಬೇಕು ಎಂದೆ.

ಕಾರನ್ನು ಅಂಗಡಿಯ ಪಕ್ಕದ ನೆರಳಿಗೆ ತಂದು ನಿಲ್ಲಿಸಿದರು. ಅಲ್ಲೊಂದು ಹುಲ್ಲುಗಾವಲು, ಅದರಾಚೆ ಮತ್ತೆ ಪೈನ್ ಮರಗಳು, ಗಾಳಿಯೇ ಇರಲಿಲ್ಲ. ನಾನು ಹೇಳುತ್ತಾ ಹೋದೆ.

ಅವರು ಮಹಡಿಯ ಕೋಣೆಯಲ್ಲಿ ಮಲಗಿದ್ದ ದಿನಗಳಲ್ಲಿ, ಡಾಕ್ಟರ ಕಡೆಯ ನರ್ಸ್ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಳು. ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಹೇಳಬೇಕು, ಇಂತಿಷ್ಟು ದಾಟಿದರೆ ಆಂಬುಲೆನ್ಸ್ ಕರೆಯಬೇಕು ಎಂದಿದ್ದಳು. ಆ ದಿನಗಳಲ್ಲಿ ಆಂಬುಲೆನ್ಸಿನಲ್ಲಿ ಹೋದವರು ಒಬ್ಬರೇ ಹೋಗುತ್ತಿದ್ದರು. ನಮ್ಮ ಪರಿಚಯದವರಲ್ಲೇ ಒಬ್ಬರು ಹಾಗೆ ಹೋದವರು ವಾಪಸು ಬಂದಿರಲಿಲ್ಲ. ಒಳಗೆ ಹೋಗುವ ಹಾಗಿಲ್ಲ, ಹಾಗಾಗಿ ನಾನು ಮುಚ್ಚಿದ ಬಾಗಿಲಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ, ಎಡಗೈ ಬೆರಳಲ್ಲಿ ಅವರ ಉಸಿರು ಎಣಿಸುತ್ತಿದ್ದೆ, ಬಲಗೈಯಲ್ಲಿ ತಾಳ ಹಾಕಿ ನಿಮಿಷ ಎಣಿಸುತ್ತಿದ್ದೆ. ನನಗೆ ಗಡಿಯಾರ ಯಾಕೆ ಎನ್ನುವ ಅಹಂಕಾರ ಬೇರೆ. ಉಸಿರು ನರ್ಸ್ ಹೇಳಿದ ಗೆರೆಯ ಹತ್ತಿರ ಬಂದ ಹಾಗೆಲ್ಲ ನನ್ನ ಬಲಗೈ ಓಡುತ್ತಿತ್ತು. ನಿಮಿಷ ಬೇಗ ಮುಗಿದರೆ ಅದರೊಳಗೆ ಬೀಳುವ ಉಸಿರು ಕಡಿಮೆಯಾಗುತ್ತದಲ್ಲ. ಬೇಕೆಂದು ಮಾಡಲಿಲ್ಲ. ಆದರೆ ಗೊತ್ತಾಗಲಿಲ್ಲ ಎಂದೂ ಹೇಳಲಾರೆ. ಆ ಲೆಕ್ಕವನ್ನೇ ನರ್ಸಿಗೆ ಹೇಳಿದೆ, ದಿನಾ ಹೇಳಿದೆ. ಗೆರೆ ದಾಟಿದ್ದ ದಿನಗಳೂ ಇದ್ದಿರಬಹುದು. ನಿಮ್ಮನ್ನು ಕಳಿಸಿಕೊಡಲು ನನಗೆ ಆಗಲಿಲ್ಲ, ಅದಕ್ಕೆ ನಿಮ್ಮ ಜೀವವನ್ನೇ ಪಣಕ್ಕಿಟ್ಟೆ. ಅವತ್ತಿನಿಂದ ನಿಮ್ಮ ವಿಷಯಕ್ಕೆ ಬಂದರೆ ನನ್ನ ಕೈ ಓಡುತ್ತದೆ. ನಿಧಾನವಾದದ್ದು ನೀವಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಾನು ಅಳುತ್ತಿದ್ದೆ. ಬೈಯಲಿ ಎಂದುಕೊಂಡೆ. ಬೈಯಲು ಅವರಿಗೆ ಎಲ್ಲ ಹಕ್ಕೂ ಇತ್ತು.

ಅವರು ಕೈ ಚಾಚಿ ಎಂಜಿನ್ ಆರಿಸಿದರು. ಆಮೇಲೆ, ಬಾಗಿಲ ಹೊರಗೆ ಕೂತಿದ್ದದ್ದು ನೀನಾ ಎಂದು ಕೇಳಿದರು. ಇನ್ಯಾರು ಇರುತ್ತಾರೆ ಎಂದೆ.

"ತೊಡೆ ತಟ್ಟೋ ಸದ್ದು ಕೇಳಿಸ್ತಿತ್ತು. ಆನ್‌ಲೈನ್ ಕ್ಲಾಸ್ ತಗೋತಿದ್ದೀಯ ಅಂದ್ಕೊಂಡೆ. ಗಂಡ ಸಾಯ್ತಾ ಬಿದ್ದಿದ್ರೂ ಇವಳು ಪಾಠ ಬಿಡಲ್ವಲ್ಲ ಅಂತ ಬೇಜಾರಾಗಿತ್ತು."

ಒಂದೂವರೆ ವರ್ಷ ಅದನ್ನು ಒಳಗೇ ಇಟ್ಟುಕೊಂಡು, ನನ್ನ ಕೈ ಸಾರು ಉಂಡು, ನನ್ನ ಲಯವನ್ನು ಊರಿಗೆಲ್ಲ ಹೊಗಳಿದ್ದರು ಆ ಮನುಷ್ಯ. ನಾನು ಏನೋ ಹೇಳಲು ಹೋದೆ. ಅವರು ತಡೆದರು, ಇನ್ನೂ ಇತ್ತು.

"ತಾಳ ಓಡ್ತಿದೆ ಅಂತ ಆಗ್ಲೇ ಅನ್ನಿಸ್ತು ಕಣೆ. ಆದ್ರೆ ನಿನ್ನ ತಾಳ ಓಡೋದುಂಟಾ? ಅದು ಸರಿಯಾಗೇ ಇದೆ, ನನ್ನ ತಲೆನೇ ನಿಧಾನ ಆಗ್ಬಿಟ್ಟಿದೆ ಅಂದ್ಕೊಂಡೆ. ಅವತ್ತಿಂದ ಹಾಗೇ ಅಂದ್ಕೊಂಡಿದ್ದೀನಿ."